ಬೇರಿನ ಗಂಟುಗಳೂ ಭೂಮಿಯ ಸಾರವೂ

ಚಳಿಗಾಲವು ಮುಗಿಯುತ್ತ ಬರುವ ದಿನಗಳಲ್ಲಿ ಶಿವಮೊಗ್ಗೆಯ ದುರ್ಗಿಗುಡಿಯ ಬೀದಿಗಳಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ, ಹಸಿಗಡಲೆಯ ಗಿಡಗಳನ್ನು ಕಟ್ಟುಕಟ್ಟಾಗಿ ಪೇರಿಸಿಕೊಂಡು ಮಾರುವವರು ಕಾಣಸಿಗುವರು. ಮೂಡಲ ಬಯಲುಸೀಮೆಯ ಎರೆಹೊಲಗಳಿಂದ ಬೇರುಸಹಿತವಾಗಿ ಕಿತ್ತು ತಂದ ಗಿಡಗಳವು. ಒಂದು ಕಟ್ಟನ್ನು ಮನೆಗೆ ಒಯ್ದು, ಮಕ್ಕಳೊಡನೆ ಜಗಲಿಯ ಮೇಲೆ ಕುಳಿತು, ಕಾಯಿಗಳನ್ನು ಬಿಡಿಸಿ ತಿನ್ನುವುದು ನಮ್ಮ ಸಂಸಾರಗಳಲ್ಲಿ ಒಂದು ಚಿಕ್ಕ ಹಬ್ಬವೇ ಸರಿ. ಹಾಗೆ ಕುಳಿತಿದ್ದ ಒಂದು ಸಂಜೆ ನಮ್ಮ ಮನೆಯ ಹುಡುಗಿಯೊಬ್ಬಳು ಗಿಡವೊಂದರ ಬೇರನ್ನು ಮೇಲೆತ್ತಿ ಹಿಡಿದು, "ಈ ಗಿಡಕ್ಕೆ ಏನೋ ರೋಗ ಬಂದಿದೆ, ಬೇರಿನ ತುಂಬ ಗಂಟು ಎದ್ದಿವೆ, ನೋಡಿ" ಎಂದಳು. ನೋಡಿದೆವು. ಸಾಸಿವೆಯಷ್ಟು ಸಣ್ಣವು ಕೆಲವು, ಮೆಣಸಿನ ಕಾಳಿನಷ್ಟು ದಪ್ಪನಾದವು ಕೆಲವು, ಬೇರಿಗೆ ಅಂಟಿಕೊಂಡಿದ್ದುವು. ಹಿರಿಯರೊಬ್ಬರು "ಹುಳು ಬಿದ್ದಿರಬೇಕು" ಎಂದರು. ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿದೆವು. ಹುಳುವೇನೂ ಇರಲಿಲ್ಲ, ಒಣಗಿ ಕಂದಾಗಿದ್ದ ತಿರುಳು ಮಾತ್ರವಿದ್ದಿತು. ಗಿಡಗಳನ್ನು ಗುಡಿಸಿ ಹೊರಗೆ ಹಾಕಿದುದಾಯಿತು. ಹುಡುಗಿಯ ಪ್ರಶ್ನೆಯು ಮಾತ್ರ ಮನೆಯೊಳಗೇ ಉಳಿಯಿತು.

ಆ ಗಂಟುಗಳು ರೋಗವಲ್ಲ. ಆ ಗಿಡದ ಭಾಗ್ಯ. ಆ ಗಿಡದ ಭಾಗ್ಯವಷ್ಟೇ ಅಲ್ಲ, ಅದು ಬೆಳೆದ ಹೊಲದ ಭಾಗ್ಯ, ಆ ಹೊಲವನ್ನು ನಂಬಿದ ನಮ್ಮೆಲ್ಲರ ಭಾಗ್ಯ. ನಮ್ಮ ಹಿರಿಯರು ಅದರ ಹೆಸರನ್ನು ಅರಿಯದೆಯೇ ಅದರ ಫಲವನ್ನು ಉಂಡರು. ಹೆಸರನ್ನು ಅರಿತ ನಾವಾದರೋ ಅದನ್ನು ಬಹುಮಟ್ಟಿಗೆ ಮರೆತಿರುವೆವು. ಈ ವಿಷಯವನ್ನು ಗೃಹಸ್ಥರ ಮುಂದೆ ಇಡುವುದು ಅವಶ್ಯವೆಂದು ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿರುವೆವು.

ಗಾಳಿಯಲ್ಲಿರುವ ಐಶ್ವರ್ಯ

ನಾವು ಉಣ್ಣುವ ಅನ್ನದಲ್ಲಿ, ಬೇಳೆಯಲ್ಲಿ, ಕುಡಿಯುವ ಹಾಲಿನಲ್ಲಿ ಶರೀರವನ್ನು ಕಟ್ಟತಕ್ಕ ಒಂದು ಅಂಶವಿರುವುದು. ಅದಕ್ಕೆ ಸಸಾರಜನಕವೆಂದು ಹೆಸರು. ಮಾಂಸಖಂಡ, ರಕ್ತ, ಚರ್ಮ, ಕೂದಲು ಎಲ್ಲವೂ ಅದರಿಂದಲೇ ಆದುವು. ಹೆಸರೇ ಹೇಳುವಂತೆ, ಸಾರಜನಕವೆಂಬ ಮೂಲವಸ್ತುವು ಇಲ್ಲದೆ ಅದು ಹುಟ್ಟಲಾರದು. ಗಿಡಗಳ ಎಲೆಯಲ್ಲಿರುವ ಹಸಿರು ಬಣ್ಣಕ್ಕೂ ಸಾರಜನಕವು ಬೇಕು. ಅದು ಸಾಲದೆ ಹೋದಾಗ ಪೈರಿನ ಕೆಳಗಿನ ಎಲೆಗಳು ಹಳದಿಯಾಗಿ, ಗಿಡವು ಕುಳ್ಳಾಗಿ, ತೆನೆಯು ಜಳ್ಳಾಗುವುದನ್ನು ಒಕ್ಕಲು ಮಕ್ಕಳೆಲ್ಲರೂ ಬಲ್ಲರು.

ಆಶ್ಚರ್ಯವೇನೆಂದರೆ, ಈ ವಸ್ತುವಿಗೆ ಲೋಕದಲ್ಲಿ ಬರಗಾಲವೇ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಆಗಿರುವುದು. ಒಂದು ಎಕರೆ ಗದ್ದೆಯ ಮೇಲೆ ಆಕಾಶದವರೆಗೆ ನಿಂತಿರುವ ಗಾಳಿಯನ್ನೆಲ್ಲ ತೂಗಿ ನೋಡುವುದಾದರೆ ಅದರಲ್ಲಿ 30,000 ಟನ್ನುಗಳಷ್ಟು ಸಾರಜನಕವಿರುವುದೆಂದು ಲೆಕ್ಕವಾಗುವುದು. ಇಷ್ಟು ಐಶ್ವರ್ಯದ ನಡುವೆ ನಿಂತ ಭತ್ತದ ಪೈರು ಕೆಲವೇ ಕಿಲೋಗ್ರಾಂ ಸಾರಜನಕಕ್ಕಾಗಿ ಹಸಿದು ಹಳದಿಯಾಗುವುದು! ಕಡಲಿನ ನಡುವೆ ಕುಡಿಯುವ ನೀರಿಲ್ಲದೆ ಬಾಯಾರಿದವನ ಪಾಡು ಅದರದು.

ಇದಕ್ಕೆ ಕಾರಣವುಂಟು. ಗಾಳಿಯಲ್ಲಿರುವ ಸಾರಜನಕದ ಪರಮಾಣುಗಳು ಎರಡೆರಡಾಗಿ, ಒಂದರ ಕೈಯನ್ನೊಂದು ಮೂರು ಹಿಡಿಗಳಿಂದ ಬಿಗಿಯಾಗಿ ಹಿಡಿದುಕೊಂಡಿರುವುವು. ಆ ಹಿಡಿತವನ್ನು ಬಿಡಿಸಿ, ಜಲಜನಕದೊಡನೆಯೋ ಆಮ್ಲಜನಕದೊಡನೆಯೋ ಕೂಡಿಸಿದಲ್ಲದೆ ಗಿಡವು ಅದನ್ನು ಬೇರಿನಿಂದ ಹೀರಲಾರದು. ಮಿಂಚು ಹೊಡೆದಾಗ ಅಲ್ಪಸ್ವಲ್ಪವಾಗಿ ಹೀಗೆ ಬಿಡಿಸಲ್ಪಟ್ಟ ಸಾರಜನಕವು ಮಳೆಯೊಡನೆ ಭೂಮಿಗೆ ಇಳಿಯುವುದು. ಆದರೆ ಅದು ಬೆಳೆಗೆ ಸಾಕಾಗುವಷ್ಟಲ್ಲ. ಮನುಷ್ಯನು ಈ ಕೆಲಸವನ್ನು ಕಲಿತದ್ದು ಇತ್ತೀಚೆಗೆ. ಜರ್ಮನಿಯ ಫ್ರಿಟ್ಸ್ ಹೇಬರ್ ಎಂಬ ರಸಾಯನಶಾಸ್ತ್ರಜ್ಞನು 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾವನ್ನು ಮಾಡಿ ತೋರಿಸಿದನು. ಕಾರ್ಲ್ ಬಾಷ್ ಎಂಬುವನ ಶ್ರಮದಿಂದ 1913ರಲ್ಲಿ ಓಪಾವ್ ಎಂಬಲ್ಲಿ ಅದರ ಕಾರ್ಖಾನೆಯು ನಡೆಯತೊಡಗಿತು. ಈ ಕ್ರಮಕ್ಕೆ 400 ಡಿಗ್ರಿಗೆ ಮೀರಿದ ಕಾವೂ, ನಾವು ಹೊತ್ತಿರುವ ಗಾಳಿಯ ಭಾರಕ್ಕಿಂತ 150, 200 ಪಾಲು ಹೆಚ್ಚಿನ ಒತ್ತಡವೂ ಬೇಕು. ನಮ್ಮ ನಾಡಿನಲ್ಲಿ ಮೈಸೂರಿನ ಬಳಿಯ ಬೆಳಗೊಳದಲ್ಲಿ 1940ರ ಆಚೀಚೆ ಇಂತಹ ಗೊಬ್ಬರದ ಕಾರ್ಖಾನೆಯು ಕೆಲಸ ಮಾಡಿತು. ಮಂಗಳೂರಿನ ಬಳಿಯ ಪಣಂಬೂರಿನಲ್ಲಿ 1976ರಿಂದ ಯೂರಿಯಾ ತಯಾರಾಗತೊಡಗಿತು.

ಇಷ್ಟೊಂದು ಬೆಂಕಿಯನ್ನೂ ಉಕ್ಕನ್ನೂ ಬಳಸಿ ಮನುಷ್ಯನು ಮಾಡುವ ಈ ಕೆಲಸವನ್ನು ಬರಿಯ ಕಣ್ಣಿಗೆ ಕಾಣದ ಅಣುಜೀವಿಯೊಂದು, ಹೊಗೆಯಿಲ್ಲದೆ ಸದ್ದಿಲ್ಲದೆ, ಹೊಲದ ತಣ್ಣನೆಯ ಮಣ್ಣಿನಲ್ಲಿ ಮಾಡಿ ಮುಗಿಸುವುದು. ಹುಡುಗಿಯು ಎತ್ತಿ ತೋರಿಸಿದ ಗಂಟು ಆ ಅಣುಜೀವಿಯ ಮನೆ.

ಗಂಟಿನ ಗುಟ್ಟು

ಅವರೆ, ತೊಗರಿ, ಕಡಲೆ ಮೊದಲಾದ ದ್ವಿದಳಧಾನ್ಯಗಳನ್ನು ಬೆಳೆದ ನೆಲವು ಮುಂದಿನ ಬೆಳೆಗೆ ಹದವಾಗಿರುವುದೆಂಬುದು ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ಬಹುಕಾಲದಿಂದ ತಿಳಿದಿದ್ದ ಸಂಗತಿ. ಏಕೆಂಬುದು ಮಾತ್ರ ತಿಳಿದಿರಲಿಲ್ಲ. ಹರ್ಮನ್ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು ಸಾರಜನಕವಿಲ್ಲದ ಮರಳಿನಲ್ಲಿ ಓಟ್ಸ್ ಧಾನ್ಯವನ್ನೂ ಬಟಾಣಿಯನ್ನೂ ಬೆಳೆಯಿಸಿ ನೋಡಿದರು. ಓಟ್ಸ್ ಪೈರು ಹಸಿವಿನಿಂದ ಸೊರಗಿತು. ಬಟಾಣಿಯು ಮರಳಿಗೆ ಹೊಲದ ಮಣ್ಣಿನ ತಿಳಿಯನ್ನು ಸ್ವಲ್ಪ ಸೇರಿಸಿದಾಗ ಬೇರಿನಲ್ಲಿ ಗಂಟು ಕಟ್ಟಿಕೊಂಡು ನಳನಳಿಸಿ ಬೆಳೆಯಿತು. ಆ ತಿಳಿಯನ್ನು ಕಾಯಿಸಿ ಅಣುಜೀವಿಗಳನ್ನು ಕೊಂದು ಸೇರಿಸಿದಾಗ ಗಂಟೂ ಇಲ್ಲ, ಬೆಳೆವಣಿಗೆಯೂ ಇಲ್ಲ. 1886ರಲ್ಲಿ ಈ ಸಂಗತಿಯು ಬರ್ಲಿನ್ನಿನ ವಿದ್ವತ್ಸಭೆಯಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ತರುವಾಯ, 1888ರಲ್ಲಿ, ಹಾಲೆಂಡಿನ ಬೈಯರಿಂಕ್ ಎಂಬುವರು ಗಂಟಿನೊಳಗಿನ ಅಣುಜೀವಿಯನ್ನು ಬೇರ್ಪಡಿಸಿ ಬೆಳೆಯಿಸಿದರು. ಇದರ ಬಳಗಕ್ಕೆ ಈಗ ರೈಜೋಬಿಯಂ ಎಂದು ಹೆಸರು.

ಗಿಡಕ್ಕೂ ಈ ಜೀವಿಗೂ ನಡೆಯುವ ಒಪ್ಪಂದವು ಬಹಳ ಸ್ವಾರಸ್ಯವಾದುದು. ಎಳೆಯ ಬೇರು ಮಣ್ಣಿನೊಳಗೆ ಕೆಲವು ರಸಗಳನ್ನು ಸ್ರವಿಸಿ ಕರೆಯುವುದು. ಆ ಕರೆಯನ್ನು ಗುರುತಿಸಿದ ಅಣುಜೀವಿಯು ತನ್ನದೊಂದು ರಸದಿಂದ ಉತ್ತರ ಕೊಡುವುದು. ಗುರುತು ಸರಿಹೋದರೆ ಬೇರಿನ ರೋಮವು ಬಾಗಿ ಅತಿಥಿಯನ್ನು ತಬ್ಬಿ ಒಳಗೆ ಕರೆದುಕೊಂಡು, ಅದಕ್ಕಾಗಿ ಒಂದು ಗಂಟನ್ನು ಕಟ್ಟಿಕೊಡುವುದು. ಅಲ್ಲಿಂದ ಮುಂದೆ ಗಿಡವು ಬಿಸಿಲಿನಲ್ಲಿ ತಾನು ಮಾಡಿದ ಸಕ್ಕರೆಯನ್ನು ಅತಿಥಿಗೆ ಉಣಬಡಿಸುವುದು. ಅತಿಥಿಯು ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಗಿಡಕ್ಕೆ ಒಪ್ಪಿಸುವುದು. ಯಾರೂ ಯಾರ ಋಣದಲ್ಲಿಯೂ ಉಳಿಯುವುದಿಲ್ಲ.

ಈ ಕೆಲಸಕ್ಕೆ ಅಣುಜೀವಿಯ ಬಳಿ ನೈಟ್ರೋಜಿನೇಸ್ ಎಂಬ ಕಿಣ್ವವಿರುವುದು; ಕಬ್ಬಿಣವೂ ಮಾಲಿಬ್ಡಿನಂ ಎಂಬ ಲೋಹವೂ ಅದರಲ್ಲಿ ಅಡಗಿರುವುವು. ಆಮ್ಲಜನಕವು ತಗಲಿದರೆ ಆ ಕಿಣ್ವವು ಕೆಟ್ಟುಹೋಗುವುದು. ಆದರೆ ಆಮ್ಲಜನಕವೇ ಇಲ್ಲದಿದ್ದರೆ ಅಣುಜೀವಿಯು ಉಸಿರಾಡಲಾರದು. ಈ ಇಕ್ಕಟ್ಟನ್ನು ಬಿಡಿಸುವುದಕ್ಕಾಗಿ ಗಂಟಿನೊಳಗೆ ಒಂದು ಕೆಂಪು ದ್ರವ್ಯವಿರುವುದು. ನಮ್ಮ ರಕ್ತದ ಕೆಂಪಿಗೆ ಕಾರಣವಾದ ದ್ರವ್ಯಕ್ಕೆ ಇದು ದಾಯಾದಿ. ಆಮ್ಲಜನಕವನ್ನು ಅಳೆದು ಅಳೆದು ಬೇಕಾದಷ್ಟನ್ನೇ ಒದಗಿಸುವುದು ಅದರ ಕೆಲಸ. ಆದುದರಿಂದ, ಸೀಳಿದ ಗಂಟಿನ ಒಳಗು ಕೆಂಪಾಗಿಯೋ ನಸುಗೆಂಪಾಗಿಯೋ ಇದ್ದರೆ ಒಳಗೆ ಕೆಲಸ ನಡೆಯುತ್ತಿದೆಯೆಂದು ತಿಳಿಯತಕ್ಕದ್ದು. ಬೆಳ್ಳಗಿದ್ದರೆ ಕೆಲಸವಿನ್ನೂ ಆರಂಭವಾಗಿಲ್ಲ, ಅಥವಾ ಒಳಗೆ ಸೇರಿದ ಅತಿಥಿಯು ಸೋಮಾರಿ. ಹಸುರಾಗಿಯೋ ಕಂದಾಗಿಯೋ ಇದ್ದರೆ ಕೆಲಸವು ಮುಗಿದಿದೆ. ಕಾಯಿ ಬಲಿತ ಕಡಲೆಯ ಗಿಡದಲ್ಲಿ ನಾವು ಕಂದು ತಿರುಳನ್ನು ಕಂಡುದಕ್ಕೆ ಇದೇ ಕಾರಣ. ಗಂಟು ತನ್ನ ಸಂಪಾದನೆಯನ್ನೆಲ್ಲ ಕಾಳಿಗೆ ಕೊಟ್ಟು ಬರಿದಾಗಿದ್ದಿತು.

ಹುಳು ಬಿದ್ದಿರಬೇಕೆಂದ ಹಿರಿಯರ ಮಾತು ಪೂರ್ತಿಯಾಗಿ ತಳ್ಳಿಹಾಕತಕ್ಕುದಲ್ಲ. ಬೇರಿನಲ್ಲಿ ಗಂಟೆಬ್ಬಿಸುವ ಜಂತುರೋಗವೊಂದು ನಿಜವಾಗಿಯೂ ಇರುವುದು. ಬದನೆ, ಟೊಮೇಟೊ ಗಿಡಗಳಿಗೆ ಅದು ಹೆಚ್ಚಾಗಿ ತಗಲುವುದು. ಅದರಲ್ಲಿ ಬೇರೇ ಊದಿಕೊಂಡು ಗಂಟಾಗುವುದು, ಬೇರನ್ನು ಮುರಿಯದೆ ಗಂಟನ್ನು ಬಿಡಿಸಲಾಗದು. ಅಣುಜೀವಿಯ ಗಂಟಾದರೋ ಬೇರಿನ ಪಕ್ಕದಲ್ಲಿ ಮಣಿಯಂತೆ ಅಂಟಿಕೊಂಡಿದ್ದು, ಉಗುರು ತಾಕಿಸಿದರೆ ಕಳಚಿ ಬರುವುದು. ಈ ಭೇದವನ್ನು ಎಲ್ಲರೂ ನೆನಪಿನಲ್ಲಿಡುವುದು ಒಳ್ಳೆಯದು.

ದ್ವಿದಳಧಾನ್ಯಗಳಿಗೆ ಮಾತ್ರವೇ ಈ ಭಾಗ್ಯವೆಂದು ಎಣಿಸಬಾರದು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ನೀಲಿ ಹಸುರು ಪಾಚಿಯು ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಕೊಡುವುದೆಂಬುದನ್ನು ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿಯು 1939ರಲ್ಲಿ ಪ್ರಕಟಪಡಿಸಿದರು. ಗೊಬ್ಬರವನ್ನು ಹಾಕದೆಯೂ ನೂರಾರು ವರ್ಷ ಭತ್ತದ ಗದ್ದೆಗಳು ಅಷ್ಟಿಷ್ಟು ಬೆಳೆಯನ್ನು ಕೊಡುತ್ತ ಬಂದುದಕ್ಕೆ ಇದು ಒಂದು ಕಾರಣ. ನೀರಿನ ಮೇಲೆ ತೇಲುವ ಅಜೋಲಾ ಎಂಬ ಚಿಕ್ಕ ಜರೀಗಿಡವು ಇಂತಹ ಪಾಚಿಯನ್ನು ತನ್ನ ಎಲೆಯ ಪೊಳ್ಳಿನಲ್ಲಿಯೇ ಸಾಕಿಕೊಂಡಿರುವುದು.

ನಮ್ಮ ಹಿರಿಯರ ಜಮಾಖರ್ಚು

ಗೃಹಸ್ಥನು ತನ್ನ ಮನೆಯ ಜಮಾಖರ್ಚನ್ನು ಬರೆದಿಡುವಂತೆ ಭೂಮಿಗೂ ಒಂದು ಜಮಾಖರ್ಚುಂಟು. ಈ ಮಾತು ಶಿವಮೊಗ್ಗೆಯವರಿಗೆ ಹೊಸದಲ್ಲ. 17ನೆಯ ಶತಮಾನದ ನಡುವೆ ಆಳಿದ ಕೆಳದಿಯ ಶಿವಪ್ಪನಾಯಕನು ಗ್ರಾಮಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯನ್ನು ಆರಿಸಿ, ಐದು ವರ್ಷಗಳ ಕಾಲ ತನ್ನ ಲೆಕ್ಕದಲ್ಲಿ ಬೇಸಾಯ ಮಾಡಿಸಿ, ಹಾಕಿದ ಬೀಜವೆಷ್ಟು, ಬಂದ ಫಸಲೆಷ್ಟು ಎಂಬುದನ್ನು ಬರೆಯಿಸಿ, ಮಣ್ಣಿನ ಸಾರಕ್ಕೆ ತಕ್ಕಂತೆ ಕಂದಾಯವನ್ನು ಗೊತ್ತು ಮಾಡಿದನೆಂದು ಚರಿತ್ರೆಯು ಹೇಳುವುದು. ಶಿವಪ್ಪನಾಯಕನ ಶಿಸ್ತು ಎಂಬ ಮಾತು ಇಂದಿಗೂ ಜನರ ಬಾಯಲ್ಲಿರುವುದು ಇದರಿಂದಲೇ. ಭೂಮಿಯಿಂದ ಎಷ್ಟು ಪಡೆಯಬಹುದೆಂಬುದಕ್ಕೆ ಆತನು ಲೆಕ್ಕವಿಟ್ಟನು. ಭೂಮಿಗೆ ಎಷ್ಟನ್ನು ಹಿಂದಿರುಗಿಸಬೇಕೆಂಬ ಲೆಕ್ಕವು ಒಕ್ಕಲಿನ ಕೈಯಲ್ಲಿದ್ದಿತು.

ಆ ಲೆಕ್ಕವನ್ನು ಅವರು ಪುಸ್ತಕದಲ್ಲಿ ಬರೆಯಲಿಲ್ಲ, ಬಿತ್ತನೆಯಲ್ಲಿ ಬರೆದರು. ಬಯಲುಸೀಮೆಯ ರಾಗಿಹೊಲದಲ್ಲಿ ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲು ಅವರೆಯೋ ತೊಗರಿಯೋ ಅಲಸಂದೆಯೋ ಬರುತ್ತಿದ್ದಿತು. ಅದಕ್ಕೆ ಅಕ್ಕಡಿಯೆಂದು ಹೆಸರು. ರಾಗಿಯ ಬೇರು ಮೇಲಿನ ಮಣ್ಣಿನಲ್ಲಿ ಹರಡಿದರೆ ತೊಗರಿಯ ಬೇರು ಆಳಕ್ಕೆ ಇಳಿಯುವುದು. ಮಳೆ ಕೈಕೊಟ್ಟ ವರ್ಷ ಒಂದು ಹೋದರೂ ಇನ್ನೊಂದು ಉಳಿಯುವುದು. ಹೊಲಕ್ಕೆ ಉದುರಿದ ಎಲೆಯ ಗೊಬ್ಬರ, ಮನೆಗೆ ಸಾರಿನ ಕಾಳು. ಶಿವಮೊಗ್ಗೆ, ಭದ್ರಾವತಿಗಳ ಕಡೆ ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ಹಸಿಯಲ್ಲಿಯೇ ಉದ್ದು, ಹೆಸರು, ಹುರುಳಿಗಳನ್ನು ಚೆಲ್ಲುತ್ತಿದ್ದರು. ಹೊಂಗೆಯ ಸೊಪ್ಪನ್ನು ಕೆಸರುಗದ್ದೆಗೆ ತುಳಿಯುತ್ತಿದ್ದರು. ಹೊಂಗೆಯೂ ಗಂಟುಬೇರಿನ ಕುಲಕ್ಕೆ ಸೇರಿದ ಮರವೇ. ಮಲೆನಾಡಿನ ಅಡಿಕೆಯ ತೋಟದವರು ಸೊಪ್ಪಿನಬೆಟ್ಟದಿಂದ ಸೊಪ್ಪನ್ನು ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹೊರುತ್ತಿದ್ದರು.

ಹಾಗೆಂದು ಹಿಂದಿನ ಕಾಲವೆಲ್ಲ ಸುವರ್ಣಕಾಲವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಅಂದಿನ ಫಸಲು ಕಡಮೆ. ಉಣ್ಣುವ ಬಾಯಿಗಳೂ ಕಡಮೆ. ಬರ ಬಂದ ವರ್ಷ ಹಸಿವೂ ಇದ್ದಿತು. ಸೊಪ್ಪಿಗಾಗಿ ಬೆಟ್ಟವನ್ನು ಅತಿಯಾಗಿ ಸವರಿದ ಕಡೆ ಬೆಟ್ಟವೇ ಬೋಳಾದುದೂ ಉಂಟು. ಆದರೆ ತೆಗೆದುದಕ್ಕೆ ಪ್ರತಿಯಾಗಿ ಇಡಬೇಕೆಂಬ ನಿಯಮವನ್ನು ಅವರು ಮರೆತಿರಲಿಲ್ಲ.

ಲೆಕ್ಕವು ತಪ್ಪಿದ ಬಗೆ

ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಕಟ್ಟಿದ ಜಲಾಶಯವು 1960ರ ದಶಕದಲ್ಲಿ ಪೂರ್ಣವಾಯಿತು. ನಾಲೆಯ ನೀರು ಹರಿದೆಡೆಯಲ್ಲೆಲ್ಲ ವರ್ಷಕ್ಕೆರಡು ಭತ್ತದ ಬೆಳೆಗಳು ಬರತೊಡಗಿದುವು. ಅದೇ ಕಾಲಕ್ಕೆ ಹೆಚ್ಚು ಗೊಬ್ಬರವನ್ನು ಉಂಡು ಹೆಚ್ಚು ಫಸಲನ್ನು ಕೊಡುವ ಗಿಡ್ಡ ತಳಿಗಳೂ ಯೂರಿಯಾದ ಚೀಲಗಳೂ ಬಂದುವು. 1965-66ರ ಬರಗಾಲದಲ್ಲಿ ಹೊರದೇಶದ ಹಡಗಿನ ಗೋಧಿಗಾಗಿ ಕಾದಿದ್ದ ದೇಶವು ತನ್ನ ಅನ್ನವನ್ನು ತಾನೇ ಬೆಳೆಯುವಂತಾದುದಕ್ಕೆ ಈ ಚೀಲಗಳ ಸಹಾಯವು ದೊಡ್ಡದು. ಇಂದು ಲೋಕದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಆಹಾರಕ್ಕೆ ಕಾರ್ಖಾನೆಯ ಸಾರಜನಕವೇ ಆಧಾರವೆಂದು ಬಲ್ಲವರು ಹೇಳುವರು. ಆ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಸುಲಭವಾಗಿ ಸಿಕ್ಕಿದುದನ್ನು ಮಿತವಾಗಿ ಬಳಸುವುದು ಮನುಷ್ಯನಿಗೆ ಕಷ್ಟ. ಭತ್ತದ ಮೇಲೆ ಭತ್ತ ಬಂದುದರಿಂದ ಉದ್ದು, ಹೆಸರುಗಳಿಗೆ ನಡುವೆ ಎಡೆಯಿಲ್ಲದಾಯಿತು. ಮಳೆಯಾಶ್ರಯದ ಹೊಲಗಳಲ್ಲಿ ಮೆಕ್ಕೆಜೋಳವೊಂದೇ ಹರಡಿದ ಕಡೆ ಅಕ್ಕಡಿಯ ಸಾಲು ಅಳಿಸಿಹೋಯಿತು. ಭಾರತ ದೇಶವು ಈಗ ವರ್ಷಕ್ಕೆ ಮೂರೂವರೆ ಕೋಟಿ ಟನ್ನಿಗೂ ಹೆಚ್ಚು ಯೂರಿಯಾವನ್ನು ಬಳಸುತ್ತಿರುವುದು. ಅದನ್ನು ಮಾಡಲು ಬೇಕಾದ ಅನಿಲದ ಬಹುಪಾಲು ಹೊರದೇಶಗಳಿಂದ ಬರತಕ್ಕುದು. 2022ರಲ್ಲಿ ಯುರೋಪಿನ ಪೂರ್ವಭಾಗದಲ್ಲಿ ಯುದ್ಧವು ಹೊತ್ತಿದಾಗ ಲೋಕದ ಗೊಬ್ಬರದ ಬೆಲೆಯೆಲ್ಲ ಮೇಲಕ್ಕೇರಿತು. ದೂರದ ಯುದ್ಧದ ಬಿಸಿಯು ತುಂಗಾತೀರದ ಗದ್ದೆಗೆ ತಟ್ಟುವುದೆಂದರೆ ನಮ್ಮ ಅನ್ನದ ಬೇರು ಎಲ್ಲಿಗೆ ಹೋಗಿದೆಯೆಂಬುದನ್ನು ಯೋಚಿಸಬೇಕು.

ಇನ್ನು ಗದ್ದೆಯ ಲೆಕ್ಕವನ್ನು ನೋಡೋಣ. ಒಂದು ಟನ್ನು ಭತ್ತವು, ಅದರ ಹುಲ್ಲೂ ಸೇರಿದಂತೆ, ಮಣ್ಣಿನಿಂದ ಸುಮಾರು 15ರಿಂದ 20 ಕಿಲೋಗ್ರಾಂ ಸಾರಜನಕವನ್ನು ತೆಗೆದುಕೊಳ್ಳುವುದು. ಎಕರೆಗೆ ಎರಡು ಟನ್ನು ಬೆಳೆದವನು 30ರಿಂದ 40 ಕಿಲೋಗ್ರಾಂ ತೆಗೆದಂತಾಯಿತು. 45 ಕಿಲೋಗ್ರಾಮಿನ ಯೂರಿಯಾ ಚೀಲದಲ್ಲಿ ಸುಮಾರು 21 ಕಿಲೋಗ್ರಾಂ ಸಾರಜನಕವಿರುವುದರಿಂದ ಎರಡು ಚೀಲಗಳು ಸಾಕೆಂದು ತೋರಬಹುದು. ಆದರೆ ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಮೂರನೆಯ ಒಂದು ಪಾಲು, ಹೆಚ್ಚೆಂದರೆ ಐದರಲ್ಲಿ ಎರಡು ಪಾಲು. ಉಳಿದುದರಲ್ಲಿ ಸ್ವಲ್ಪ ಮಣ್ಣಿನಲ್ಲಿ ನಿಲ್ಲುವುದು. ಹೆಚ್ಚು ಪಾಲು ಗಾಳಿಗೂ ನೀರಿಗೂ ಹೋಗುವುದು. ಗಾಳಿಗೆ ಹೋದುದರಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವೊಂದಿರುವುದು. ಭೂಮಂಡಲದ ಕಾವನ್ನೇರಿಸುವುದರಲ್ಲಿ ಅದು ಇಂಗಾಲಾಮ್ಲಕ್ಕಿಂತ ಸುಮಾರು 270 ಪಾಲು ಬಲಶಾಲಿ. ನೀರಿಗೆ ಇಳಿದುದು ನೈಟ್ರೇಟ್ ರೂಪದಿಂದ ಬಾವಿಗಳನ್ನು ಸೇರುವುದು. ಕುಡಿಯುವ ನೀರಿನ ಲೀಟರಿಗೆ 45 ಮಿಲಿಗ್ರಾಮಿಗೆ ಮೀರಿದ ನೈಟ್ರೇಟ್ ಹಸುಗೂಸುಗಳಿಗೆ ಅಪಾಯಕರ. ಹೀಗೆ ಮನೆಯ ಯಜಮಾನನು ಮೂರು ರೂಪಾಯಿ ಕೊಟ್ಟು ಒಂದು ರೂಪಾಯಿಯ ಸಾಮಾನನ್ನು ತಂದು, ಉಳಿದೆರಡು ರೂಪಾಯಿಯಿಂದ ನೆರೆಮನೆಯ ಬಾವಿಯನ್ನು ಕೆಡಿಸಿದಂತಾಯಿತು.

ಇನ್ನೊಂದು ಸಂಗತಿಯುಂಟು. ಮಣ್ಣಿನಲ್ಲಿ ಯೂರಿಯಾ ಹೆಚ್ಚಾಗಿದ್ದರೆ ದ್ವಿದಳ ಸಸ್ಯಗಳು ಗಂಟನ್ನೇ ಕಟ್ಟುವುದಿಲ್ಲ. ಸಿದ್ಧಾನ್ನವು ಎಲೆಗೆ ಬಂದು ಬೀಳುತ್ತಿರುವಾಗ ಒಲೆ ಹೊತ್ತಿಸುವ ಗೊಡವೆ ಯಾರಿಗೆ ಬೇಕು? ಸಕ್ಕರೆಯನ್ನು ಕೊಟ್ಟು ಅತಿಥಿಯನ್ನು ಸಾಕುವ ಕೆಲಸವನ್ನು ಗಿಡವು ನಿಲ್ಲಿಸಿಬಿಡುವುದು. ಅತಿಯಾದ ಗೊಬ್ಬರವು ಭೂಮಿಯ ಸ್ವಂತ ಸಂಪಾದನೆಯ ಬಾಗಿಲನ್ನು ಹೀಗೆ ಮುಚ್ಚುವುದು.

ಈಗ ಮಾಡಬಹುದಾದುದು

ಇದಕ್ಕೆ ಪರಿಹಾರವಿಲ್ಲದಿಲ್ಲ. ಮುಂಗಾರಿಗೆ ಮುಂಚಿನ ಮಳೆ ಬಿದ್ದೊಡನೆ ಎಕರೆಗೆ 10, 12 ಕಿಲೋಗ್ರಾಂ ಅಪ್ಸೆಣಬಿನ ಬೀಜವನ್ನೋ ಡಯಾಂಚವನ್ನೋ ಚೆಲ್ಲಿ, ಆರೇಳು ವಾರಗಳಲ್ಲಿ ಹೂವು ತಲೆದೋರುವ ಹೊತ್ತಿಗೆ ಗದ್ದೆಯಲ್ಲಿಯೇ ಉತ್ತು, ಒಂದೆರಡು ವಾರ ಕೊಳೆಯಿಸಿ ನಾಟಿ ಮಾಡಿದರೆ, ಎಕರೆಗೆ 25ರಿಂದ 35 ಕಿಲೋಗ್ರಾಮಿನಷ್ಟು ಸಾರಜನಕವು ಮಣ್ಣಿಗೆ ಸೇರುವುದು. ಇದರಲ್ಲಿ ಸ್ವಲ್ಪ ಭಾಗವನ್ನು ಗಿಡವು ಮಣ್ಣಿನಿಂದಲೇ ತೆಗೆದಿರುವುದರಿಂದ ಎಲ್ಲವೂ ಹೊಸ ಸಂಪಾದನೆಯೆಂದು ಹೇಳಲಾಗದು. ಆದರೂ ಬಹುಪಾಲು ಗಾಳಿಯಿಂದ ಬಂದುದೇ. ಜೊತೆಗೆ ಮಣ್ಣಿಗೆ ಮೆದುತನವೂ ನೀರನ್ನು ಹಿಡಿಯುವ ಶಕ್ತಿಯೂ ಬರುವುವು; ಯೂರಿಯಾ ಚೀಲವು ಇದನ್ನು ಕೊಡಲಾರದು. ಬದುವಿನ ಮೇಲೆ ಗ್ಲಿರಿಸಿಡಿಯಾ ಎಂಬ ಗೊಬ್ಬರದ ಗಿಡದ ರೆಂಬೆಗಳನ್ನು ನೆಟ್ಟರೆ ವರ್ಷವರ್ಷವೂ ಸೊಪ್ಪು ದೊರೆಯುವುದು, ಬೆಟ್ಟಕ್ಕೂ ಬಿಡುವಾಗುವುದು. ಮೆಕ್ಕೆಜೋಳದ ನಡುವೆ ತೊಗರಿಯ ಸಾಲನ್ನು ಮತ್ತೆ ತರಬಹುದು.

ಕಾಳಿಗಾಗಿ ಬೆಳೆಯುವ ದ್ವಿದಳಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅವು ಸಂಪಾದಿಸಿದುದರ ಹೆಚ್ಚು ಪಾಲು ಕಾಳಿನೊಡನೆ ಮನೆಗೆ ಬರುವುದು. ಗಿಡಗಳನ್ನು ಬೇರುಸಹಿತ ಕಿತ್ತು ಹೊರಗೆ ಸಾಗಿಸಿದರೆ ಹೊಲಕ್ಕೆ ಉಳಿಯುವುದು ಬಹಳ ಸ್ವಲ್ಪ. ಗಿಡವನ್ನು ನೆಲಮಟ್ಟಕ್ಕೆ ಕೊಯ್ದು, ಬೇರನ್ನು ಮಣ್ಣಿನಲ್ಲಿ ಬಿಟ್ಟು, ಹೊಟ್ಟು ಸೊಪ್ಪುಗಳನ್ನು ದನದ ಮೂಲಕವಾದರೂ ಹೊಲಕ್ಕೆ ಹಿಂದಿರುಗಿಸಿದರೆ ಮಾತ್ರ ಪೂರ್ಣ ಲಾಭ.

ಮಲೆನಾಡಿನ ಕಡೆಯವರಿಗೆ ಇನ್ನೊಂದು ಮಾತು. ನೂರಾರು ವರ್ಷಗಳ ಜಡಿಮಳೆಯು ಅಲ್ಲಿನ ಕೆಂಪು ಮಣ್ಣಿನ ಸುಣ್ಣವನ್ನು ತೊಳೆದುಕೊಂಡು ಹೋಗಿರುವುದರಿಂದ ಮಣ್ಣಿಗೆ ಹುಳಿಗುಣ ಬಂದಿರುವುದು. ಹುಳಿಮಣ್ಣು ಅಣುಜೀವಿಗೆ ಒಗ್ಗದು. ಕಿಣ್ವಕ್ಕೆ ಬೇಕಾದ ಮಾಲಿಬ್ಡಿನಂ ಸಹ ಹುಳಿಮಣ್ಣಿನಲ್ಲಿ ಗಿಡಕ್ಕೆ ಸಿಕ್ಕದು. ಹಲವು ಕಡೆ ಹೆಸರು, ಅಲಸಂದೆಗಳು ಬೆಳೆದರೂ ಗಂಟು ಕಟ್ಟದಿರುವುದಕ್ಕೆ ಇದು ಕಾರಣ. ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಸುಣ್ಣವನ್ನೂ ರಂಜಕದ ಗೊಬ್ಬರವನ್ನೂ ಕೊಡುವುದು ಅವಶ್ಯ. ಶಿವಮೊಗ್ಗೆಯಲ್ಲಿ 2012ರಲ್ಲಿ ಸ್ಥಾಪಿತವಾದ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾನಿಲಯವು ಇಂದು ಕೆಳದಿ ಶಿವಪ್ಪನಾಯಕನ ಹೆಸರನ್ನೇ ಹೊತ್ತಿರುವುದು. ಮಣ್ಣಿನ ಲೆಕ್ಕವನ್ನು ಕೇಳಿ ತಿಳಿಯುವುದಕ್ಕೆ ಅದಕ್ಕಿಂತ ತಕ್ಕ ಬಾಗಿಲು ಯಾವುದು?

ಹೊಸದಾಗಿ ದ್ವಿದಳವನ್ನು ಬಿತ್ತುವ ಹೊಲದಲ್ಲಿ ತಕ್ಕ ಅಣುಜೀವಿಯು ಇಲ್ಲದಿರಬಹುದು. ಕಡಲೆಯ ಅತಿಥಿಯೇ ಬೇರೆ, ಸೋಯಾ ಅವರೆಯ ಅತಿಥಿಯೇ ಬೇರೆ. ಅಲಸಂದೆ, ಹೆಸರು, ಉದ್ದು, ತೊಗರಿ, ನೆಲಗಡಲೆಗಳದು ಬಹುಮಟ್ಟಿಗೆ ಒಂದೇ ಬಳಗ. ಆಯಾ ಬೆಳೆಗೆ ತಕ್ಕ ರೈಜೋಬಿಯಂ ಪುಡಿಯ ಪೊಟ್ಟಣಗಳು ದೊರೆಯುವುವು. ಬೆಲ್ಲದ ಅಂಟುನೀರಿನಲ್ಲಿ ಪುಡಿಯನ್ನು ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತತಕ್ಕದ್ದು. ಪೊಟ್ಟಣದೊಳಗೆ ಇರುವುದು ಜೀವವೆಂಬುದನ್ನು ಮರೆಯಬಾರದು. ಬಿಸಿಲಿನಲ್ಲಿ ಬಿದ್ದಿದ್ದ, ಅವಧಿ ಮೀರಿದ ಪೊಟ್ಟಣವನ್ನು ತಂದವನು ಹೆಣವನ್ನು ಬಿತ್ತಿದಂತೆ.

ಇಷ್ಟನ್ನು ಮಾಡಿದ ಮಾತ್ರಕ್ಕೆ ಯೂರಿಯಾ ಚೀಲವನ್ನು ಒಡನೆಯೇ ಪೂರ್ತಿಯಾಗಿ ಬಿಡಬಹುದೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿ ಒಕ್ಕಲಿನವನ ಒಂದು ವರ್ಷದ ಫಸಲನ್ನು ಪಣವಾಗಿಡುವುದು ಧರ್ಮವಲ್ಲ. ಗದ್ದೆಗೆ ಹಸುರು ಗೊಬ್ಬರವನ್ನು ಕೊಟ್ಟವನು ಎರಡು ಚೀಲದ ಜಾಗದಲ್ಲಿ ಒಂದನ್ನು ಬಳಸಿ ನೋಡಲಿ. ಮಣ್ಣಿನ ಪರೀಕ್ಷೆಯನ್ನು ಅನುಸರಿಸಿ ಮೆಲ್ಲನೆ ಇಳಿಸಲಿ. ಅರ್ಧದಷ್ಟು ಉಳಿತಾಯವಾದರೂ ಅದು ಅವನಿಗೆ, ದೇಶಕ್ಕೆ, ಬಾವಿಯ ನೀರಿಗೆ ಲಾಭವೇ.

ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ನಮಗೂ ಇದರಲ್ಲಿ ಪಾಲುಂಟು. ಯಾರೂ ಕೊಳ್ಳದ ಕಾಳನ್ನು ಯಾರೂ ಬಿತ್ತುವುದಿಲ್ಲ. ಹುರುಳಿಯ ಕಟ್ಟಿನ ಸಾರು, ಅಲಸಂದೆಯ ಹುಳಿ, ಅವರೆಯ ಉಸಲಿಗಳು ನಮ್ಮ ಅಡುಗೆಮನೆಯಿಂದ ಮರೆಯಾದಷ್ಟೂ ಅವು ಹೊಲದಿಂದಲೂ ಮರೆಯಾಗುವುವು. ವಾರದಲ್ಲಿ ಎರಡು ದಿನ ಊರ ಕಾಳಿನ ಸಾರನ್ನು ಮಾಡುವ ಗೃಹಿಣಿಯು ಮಕ್ಕಳ ಶರೀರಕ್ಕೂ ದೂರದ ಹೊಲವೊಂದರ ಮಣ್ಣಿಗೂ ಒಟ್ಟಿಗೆ ಉಪಕಾರ ಮಾಡುತ್ತಿರುವಳು.

ಹಿತ್ತಲಿನ ಪರೀಕ್ಷೆ

ಮುಂಗಾರು ಹಿಡಿದ ಮೇಲೆ ನಾವು ಮನೆಯ ಹಿತ್ತಲಿನ ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಅಲಸಂದೆಯ ಕಾಳುಗಳನ್ನು ಊರಿಸಿದೆವು. ಊರಿದವಳು ಬೇರನ್ನು ಎತ್ತಿ ತೋರಿಸಿದ್ದ ಹುಡುಗಿಯೇ. ಗೊಬ್ಬರವನ್ನೇನೂ ಹಾಕಲಿಲ್ಲ, ಒಲೆಯ ಬೂದಿಯನ್ನು ಮಾತ್ರ ಒಂದು ಹಿಡಿ ಎರಚಿದೆವು. ಆರು ವಾರವಾದ ಮೇಲೆ, ಹೂವು ಬಿಡುವುದಕ್ಕೆ ಮೊದಲು, ಒಂದು ಗಿಡದ ಸುತ್ತ ಮಣ್ಣನ್ನು ಸಡಿಲಿಸಿ, ಬೇರು ಹರಿಯದಂತೆ ಮೆಲ್ಲನೆ ಎತ್ತಿ, ತಂಬಿಗೆಯ ನೀರಿನಲ್ಲಿ ಅದ್ದಿ ತೊಳೆದೆವು. ಬೇರಿನ ಎರಡು ಪಕ್ಕದಲ್ಲಿಯೂ ಮಣಿಗಳಂತೆ ಗಂಟುಗಳಿದ್ದುವು. ಹುಡುಗಿಯು ಅವುಗಳಲ್ಲಿ ದೊಡ್ಡದೊಂದನ್ನು ಆರಿಸಿ ಉಗುರಿನಿಂದ ಸೀಳಿದಳು. ಒಳಗೆ ಕೆಂಪಾಗಿದ್ದಿತು. ಅವಳ ಬೆರಳಿಗೂ ಆ ಬಣ್ಣವು ಸ್ವಲ್ಪ ಹತ್ತಿತು. "ಇದು ರೋಗವಲ್ಲ, ಇದಕ್ಕೆ ಜೀವ ಇದೆ" ಎಂದಳು. ಹುಳು ಬಿದ್ದಿರಬೇಕೆಂದಿದ್ದ ಹಿರಿಯರು ಕನ್ನಡಕವನ್ನು ಹಾಕಿಕೊಂಡು ಬಂದು, ಇನ್ನೊಂದು ಗಂಟನ್ನು ತಾವೇ ಸೀಳಿ ನೋಡಿದರು.

ಉಳಿದ ಗಿಡಗಳಿಂದ ಎರಡು ಹೊತ್ತಿನ ಪಲ್ಯಕ್ಕೆ ಆಗುವಷ್ಟು ಕಾಯಿ ಬಂದಿತು. ಕಾಯಿ ಮುಗಿದ ಮೇಲೆ ಗಿಡಗಳನ್ನು ಕೀಳಲಿಲ್ಲ. ಬುಡಕ್ಕೆ ಕೊಯ್ದು ಬೇರನ್ನು ಮಣ್ಣಿನಲ್ಲಿಯೇ ಬಿಟ್ಟೆವು. ಅದೇ ಮೂಲೆಯಲ್ಲಿ ಮುಂದೆ ಬೆಂಡೆಯನ್ನು ಹಾಕುವುದೆಂದು ಗೊತ್ತಾಗಿರುವುದು. ವಾಚಕರಲ್ಲಿ ಒಂದು ಮೊಳ ನೆಲವೋ ಒಂದು ಕುಂಡವೋ ಇದ್ದವರು ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಮಕ್ಕಳೂ ಜೊತೆಗಿದ್ದರೆ ಒಳ್ಳೆಯದು.